ಅಗ್ಗದ ಬುಧವಾರ

ಆಷಾಢದ ಮಳೆಯಲ್ಲಿ ದುಡ್ಡು ಕೊಟ್ಟು ನೀರಾಟಕ್ಕೆ ಹೋದವರು ಕೊಪ್ಪದ ಹತ್ತಿರದ ನಮ್ಮೂರು ನಾರ್ವೆಯ ಸುತ್ತಮುತ್ತ ಯಾರಾದರೂ ಇದ್ದರೆ ಅದು ನಾವೇ. ಹೊರಗೆ ಪುಕ್ಕಟೆ ನೀರು ಸುರಿಯುತ್ತಿತ್ತು, ಅಂಗಳಕ್ಕಿಳಿದರೆ ಸಾಕಿತ್ತು. ಆದರೆ ಮೈಸೂರಿನ ಕಡೆಯ ವಾಟರ್ ಪಾರ್ಕಿಗೆ ಮಳೆಗಾಲದಲ್ಲಿ ಜನ ಕಡಿಮೆ, ಜನ ಕಡಿಮೆಯಾದಾಗ ಟಿಕೆಟ್ಟಿನ ದರ ಕಡಿಮೆ. ಕಡಿಮೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ.

ನನ್ನ ಗಂಡ ನನ್ನನ್ನು ಜುಗ್ಗಿ ಎನ್ನುತ್ತಾರೆ. ಬೇರೆಯವರ ಎದುರಿಗೂ ಎನ್ನುತ್ತಾರೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ಯಾಕೆಂದರೆ ಅದು ನಿಜ. ಕೊಪ್ಪದ ಸಂತೆಯಲ್ಲಿ ಚೌಕಾಸಿ ಮಾಡದೆ ತಂದ ಬೆಂಡೆಕಾಯಿಯ ಪಲ್ಯ ನನಗೆ ರುಚಿಸುವುದಿಲ್ಲ. ಸ್ವಲ್ಪ ಗದ್ದೆ, ಸ್ವಲ್ಪ ತೋಟ ಇರುವ ಮನೆಗೆ ಸೊಸೆಯಾಗಿ ಬಂದವಳಿಗೆ ಅದು ಗುಣವೋ ದೋಷವೋ ಎಂದು ಯೋಚಿಸುವ ಪುರುಸೊತ್ತೂ ಇರಲಿಲ್ಲ.

ಮಗಳು ಆಗ ಐದನೇ ಕ್ಲಾಸು. ಅವಳ ಶಾಲೆಯವರು ಆ ಪಾರ್ಕಿಗೆ ಪ್ರವಾಸ ಹೋದಾಗ ಇವಳಿಗೆ ಕೋಟ್ಲೆ, ಅಂದರೆ ಸೀತಾಳೆ ಸಿಡುಬು ಎದ್ದು, ಮೈಯೆಲ್ಲ ಬೊಬ್ಬೆಯಾಗಿ, ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು. ಗೆಳತಿಯರು ಬಂದು ಜಾರುಬಂಡೆ ಎಷ್ಟು ಎತ್ತರ, ಅಲೆ ಎಷ್ಟು ದೊಡ್ಡದು ಎಂದು ಹೇಳಿದ್ದೇ ಹೇಳಿದ್ದು. ಅವಳು ಹಟ ಮಾಡಲಿಲ್ಲ. ಮಾಡಿದ್ದರೆ ಎರಡು ಬೈದು ಸುಮ್ಮನಾಗಿಸುತ್ತಿದ್ದೆ. ಸುಮ್ಮನೆ ಕೇಳಿಸಿಕೊಂಡು ಒಳಗೆ ಹೋದಳು, ಅದೇ ನನ್ನನ್ನು ಕಾಡಿತು. ಕರೆದುಕೊಂಡು ಹೋಗಲೇಬೇಕು, ಆದರೆ ಎಲ್ಲರಿಗಿಂತ ಅಗ್ಗದಲ್ಲಿ ಹೋಗಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಮೊದಲು ಶೃಂಗೇರಿಯ ಒಬ್ಬ ಟ್ರಾವೆಲ್ಸಿನವನನ್ನು ಕೇಳಿದೆ. ಅವನು ಲಾಡ್ಜು, ತಿಂಡಿ, ಪಾರ್ಕು ಎಲ್ಲ ಸೇರಿಸಿ ಒಂದು ಪ್ಯಾಕೇಜು ಹೇಳಿದ. ಆ ದರಕ್ಕೆ ಇಡ್ಲಿಯ ಜೊತೆ ತಟ್ಟೆಯನ್ನೂ ಮನೆಗೆ ಕೊಡುತ್ತೀಯಾ ಎಂದು ಕೇಳಿ ಎದ್ದು ಬಂದೆ. ಆಮೇಲೆ ಕೊಪ್ಪದ ಎಸ್‌ಟಿಡಿ ಬೂತಿನಿಂದ ಪಾರ್ಕಿಗೇ ಫೋನು ಮಾಡಿದೆ. ಮೀಟರ್ ಓಡುವುದನ್ನು ನೋಡುತ್ತಾ ಮಾತಾಡಿದ್ದರಿಂದ ಅರ್ಧ ಕೇಳಿಸಿಕೊಂಡೆ, ಅರ್ಧ ಬಿಟ್ಟೆ. ತಿಳಿದದ್ದು ಇಷ್ಟು: ವಾರದ ನಡುವೆ ಬಂದರೆ ಕಡಿಮೆ, ಮಳೆಗಾಲದಲ್ಲಿ ಇನ್ನೂ ಕಡಿಮೆ, ಗುಂಪಾಗಿ ಬಂದರೆ ಅದಕ್ಕಿಂತ ಕಡಿಮೆ.

ಗುಂಪು ಕಟ್ಟಲು ನರಸಿಂಹರಾಜಪುರದಲ್ಲಿದ್ದ ನನ್ನ ಅಣ್ಣ ಸಿಕ್ಕಿದ. ಅವನ ಆಫೀಸಿನ ಎರಡು ಮೂರು ಸಂಸಾರಗಳು ಹೊರಟವು. ಗಾಡಿಯನ್ನು ಹುಡುಕಿದ್ದು ಮಾತ್ರ ನಾನೇ, ಅದನ್ನು ಈಗಲೂ ಜಂಬದಿಂದ ಹೇಳಿಕೊಳ್ಳಬೇಕು ಅನ್ನಿಸುತ್ತದೆ. ಮೈಸೂರಿನಿಂದ ಶೃಂಗೇರಿಗೆ ಯಾತ್ರಿಕರನ್ನು ತಂದು ಬಿಡುವ ವ್ಯಾನುಗಳು ಎಷ್ಟೋ ಸಲ ಖಾಲಿ ವಾಪಸಾಗುತ್ತವೆ. ಖಾಲಿ ಹೋಗುವ ಬದಲು ಡೀಸೆಲ್ಲಿನ ಖರ್ಚು ಹುಟ್ಟಿದರೆ ಸಾಕೆಂದು ಡ್ರೈವರುಗಳು ಕಾಯುತ್ತಿರುತ್ತಾರೆ. ಅಂಥ ಒಂದು ವ್ಯಾನು ಮಂಗಳವಾರ ಮಧ್ಯಾಹ್ನ ಹೊರಡುವುದಿತ್ತು. ಮಂಗಳವಾರ ಹೋಗುವುದು, ಅಣ್ಣನ ಪರಿಚಯದ ಛತ್ರದಲ್ಲಿ ಮಲಗುವುದು, ಬುಧವಾರ ಪೂರ್ತಿ ಪಾರ್ಕು, ಸಂಜೆ ಸರ್ಕಾರಿ ಬಸ್ಸು ಹತ್ತುವುದು. ಅಡ್ವಾನ್ಸ್ ಕೊಟ್ಟಾಯಿತು. ಇದಕ್ಕಿಂತ ಅಗ್ಗದಲ್ಲಿ ಹೋಗಬೇಕಾದರೆ ನಡೆದೇ ಹೋಗಬೇಕು ಎಂದು ಅಣ್ಣ ನಕ್ಕ.

ಎರಡು ದಿನ ನಾನು ಗೆದ್ದವಳ ಹಾಗೆ ಓಡಾಡಿದೆ. ಮೂರನೇ ದಿನ ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಬೇಲಿಯ ಹತ್ತಿರ ಬಂದು ನಿಂತರು.

ಅಕ್ಕ ಎಂದರೆ ರಕ್ತಸಂಬಂಧವಲ್ಲ. ಅವರ ಗದ್ದೆ ನಮ್ಮ ಗದ್ದೆಗೆ ತಾಗಿಕೊಂಡಿದೆ. ನಾನು ಮದುವೆಯಾಗಿ ಬಂದ ವರ್ಷ ನನಗೆ ನೆಟ್ಟಿ ನೆಡಲು ಬರುತ್ತಿರಲಿಲ್ಲ. ಸಸಿಯನ್ನು ಆಳಕ್ಕೆ ಒತ್ತಿಬಿಡುತ್ತಿದ್ದೆ, ಸಾಲು ಸೊಟ್ಟ ಹೋಗುತ್ತಿತ್ತು. ಅತ್ತೆ ನೋಡುವ ಮೊದಲೇ ಅಕ್ಕ ತಮ್ಮ ಸಾಲನ್ನೂ ನೆಟ್ಟು, ಕೈ ಚಾಚಿ ನನ್ನ ಸಾಲನ್ನೂ ಸರಿಮಾಡಿಬಿಡುತ್ತಿದ್ದರು. ಅಂದಿನಿಂದ ನಮ್ಮ ಎರಡು ಮನೆಗೆ ಮುಯ್ಯಿ. ನಮ್ಮ ಗದ್ದೆಯ ನೆಟ್ಟಿಗೆ ಅವರ ಮನೆಯಿಂದ ಇಬ್ಬರು ಬರುತ್ತಾರೆ, ಅವರ ಗದ್ದೆಗೆ ನಮ್ಮ ಮನೆಯಿಂದ ಇಬ್ಬರು ಹೋಗುತ್ತೇವೆ. ಕೂಲಿಯ ಮಾತಿಲ್ಲ. ಬಂದ ಆಳಿಗೆ ಆಳು ಹೋಗಿ ತೀರಿಸಬೇಕು, ಅಷ್ಟೇ. ಸಾವು, ಹೆರಿಗೆ, ಏಳಲಾಗದ ಕಾಯಿಲೆ ಬಿಟ್ಟರೆ ಮುಯ್ಯಿ ತಪ್ಪಿಸುವುದಕ್ಕೆ ನಮ್ಮ ಕಡೆ ಕಾರಣವಿಲ್ಲ.

ಆ ವರ್ಷ ನಮ್ಮ ನೆಟ್ಟಿ ಆಗಲೇ ಮುಗಿದಿತ್ತು. ನೆಟ್ಟಿಯ ದಿನವೇ ಕಿಗ್ಗದಿಂದ ಅಕ್ಕನ ತಾಯಿ ಬಂದಿದ್ದರು, ಬಹಳ ದಿನದ ಮೇಲೆ. ವಯಸ್ಸಾದ ತಾಯಿಯನ್ನು ಜಗಲಿಯಲ್ಲಿ ಕೂರಿಸಿ, ಬೆಳಿಗ್ಗೆಯೇ ಕಾಫಿ ಮಾಡಿಟ್ಟು ಅಕ್ಕ ನಮ್ಮ ಗದ್ದೆಗೆ ಇಳಿದಿದ್ದರು. ಸಂಜೆ ಅವರು ಮನೆಗೆ ಹೋಗುವ ಹೊತ್ತಿಗೆ ತಾಯಿ ಕೊನೆಯ ಬಸ್ಸಿಗೆ ಹೊರಟು ನಿಂತಿದ್ದರಂತೆ. ನಾನು ಕೇಳಿದಾಗ, "ಅದಕ್ಕೆಂತ, ಮುಂದಿನ ತಿಂಗಳು ನಾನೇ ಹೋಗಿ ಬರ್ತೀನಿ" ಎಂದಿದ್ದರು.

ಈಗ ಬೇಲಿಯ ಹತ್ತಿರ ನಿಂತು ಹೇಳಿದರು, "ಟಿಲ್ಲರಿನವ ಶುಕ್ರವಾರ ಆಗಲ್ಲ ಅಂತಾನೆ ಮಾರಾಯ್ತಿ. ಮಂಗಳವಾರ ಉತ್ತು ಕೊಡ್ತಾನಂತೆ. ಹಂಗಾಗಿ ಬುಧವಾರವೇ ನೆಟ್ಟಿ. ನೀವಿಬ್ರೂ ಬರ್ತೀರಲ?"

ನಾನು ಏನು ಹೇಳಬೇಕಿತ್ತೋ ಅದು ನನಗೆ ಆ ಕ್ಷಣವೇ ಗೊತ್ತಿತ್ತು. ಬಾಯಿಂದ ಬಂದದ್ದು ಬೇರೆ. ಪಾರ್ಕಿನ ವಿಷಯ ಪೂರ್ತಿ ಹೇಳಿದೆ. ಮಗಳ ಕೋಟ್ಲೆ, ಖಾಲಿ ವ್ಯಾನು, ಅಡ್ವಾನ್ಸು, ಅಣ್ಣನ ಗುಂಪು, ಒಬ್ಬರು ತಪ್ಪಿದರೂ ಗುಂಪಿನ ದರ ತಪ್ಪುತ್ತದೆ ಎನ್ನುವುದು, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ನನ್ನ ಧ್ವನಿ ನನಗೇ ಸಂತೆಯ ಧ್ವನಿಯ ಹಾಗೆ ಕೇಳಿಸಿತು.

ಅಕ್ಕ ಪೂರ್ತಿ ಕೇಳಿಸಿಕೊಂಡರು. "ಹೋಗಿ ಬನ್ನಿ. ಮಗು ಆಸೆ ಪಟ್ಟಿದೆ" ಎಂದರು.

ಅವರು ಒಂದು ಮಾತು ಬೈದಿದ್ದರೆ ನಾನು ವಾದ ಮಾಡಿ ಹಗುರಾಗುತ್ತಿದ್ದೆ. ಹೋಗಿ ಬನ್ನಿ ಎಂದುಬಿಟ್ಟರೆ ಏನು ಮಾಡುವುದು? ಅದಕ್ಕೇ ಆತುರದಲ್ಲಿ, "ನಮ್ಮ ಬದ್ಲಿಗೆ ಇಬ್ರು ಆಳು ಕಳಿಸ್ತೀನಿ ಅಕ್ಕ. ಕೂಲಿ ನಂದೇ" ಎಂದೆ.

ಅಕ್ಕ ನನ್ನ ಮುಖ ನೋಡಿದರು. "ಕಳಿಸು ಹಂಗಾರೆ" ಎಂದು ಹೊರಟರು.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ವಿಷಯ ಹೇಳಿದೆ. ಆಳುಗಳ ಕೂಲಿ ಸೇರಿಸಿದರೂ ಟ್ರಾವೆಲ್ಸಿನವನ ಪ್ಯಾಕೇಜಿಗಿಂತ ನಮ್ಮದೇ ಅಗ್ಗ ಎಂದು ವಿವರಿಸಿದೆ. ಇವರು ಅನ್ನ ಕಲಸುವುದನ್ನು ನಿಲ್ಲಿಸಿ, "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ" ಎಂದರು. ಇವರು ಗಾದೆ ಹೇಳುವುದು ತಾವು ಏನೂ ಮಾಡದೆ ಕೂರುವುದಕ್ಕೆ. ಹಾಗಾದರೆ ನೀವು ಉಳಿದು ನೆಟ್ಟಿಗೆ ಹೋಗಿ, ನಾನೂ ಮಗಳೂ ಹೋಗುತ್ತೇವೆ ಎಂದೆ. ಗುಂಪಿನ ದರ ತಪ್ಪುತ್ತದಲ್ಲ ಎಂದು ಇವರೇ ಹೇಳಿದರು. ಇವರಿಗೂ ಆ ಜಾರುಬಂಡೆ ನೋಡುವ ಆಸೆಯಿತ್ತು.

ಪಾರ್ಕಿನಲ್ಲಿ ಸೀರೆ ಉಟ್ಟು ನೀರಿಗಿಳಿಯುವ ಹಾಗಿಲ್ಲ ಎಂಬುದು ಫೋನಿನಲ್ಲಿ ನಾನು ಬಿಟ್ಟ ಅರ್ಧದಲ್ಲಿತ್ತು. ಬಾಡಿಗೆಗೆ ಒಂದು ನೈಲಾನ್ ಪ್ಯಾಂಟು, ಅಂಗಿ ಕೊಟ್ಟರು. ಅದನ್ನು ಹಾಕಿಕೊಂಡು ಹೊರಗೆ ಬಂದ ನನ್ನನ್ನು ನೋಡಿ ಇವರು ಗುರುತು ಸಿಗದವರ ಹಾಗೆ ಆಚೆ ತಿರುಗಿದರು. ಮಗಳು ಮಾತ್ರ ನನ್ನ ಕೈಯನ್ನು ಎಳೆದುಕೊಂಡೇ ಓಡಿದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಜಾರುಬಂಡೆಯಲ್ಲಿ ಕಿರುಚಿಕೊಂಡು ಬಂದು ನೀರಿಗೆ ಬೀಳುವಳು, ಎದ್ದು ಕಣ್ಣೊರೆಸಿಕೊಂಡು ಮತ್ತೆ ಮೆಟ್ಟಿಲು ಹತ್ತುವಳು. ಅಷ್ಟು ಹೊತ್ತು ನನಗೆ ಗದ್ದೆಯ ನೆನಪಾಗಲಿಲ್ಲ.

ಮಧ್ಯಾಹ್ನದ ಮೇಲೆ ಕೃತಕ ಮಳೆ ಬಿಟ್ಟರು. ಮೇಲಿನ ಪೈಪುಗಳಿಂದ ನೀರು, ಜೊತೆಗೆ ಜೋರು ಹಾಡು. ಮೈಸೂರಿನ ಆಕಾಶದಲ್ಲಿ ಆ ದಿನ ಒಂದು ಹನಿಯೂ ಇರಲಿಲ್ಲ. ಅಣ್ಣನ ಗುಂಪಿನವರೆಲ್ಲ ಕುಣಿಯತೊಡಗಿದರು. ನಾನು ಮೊಣಕಾಲು ಮುಳುಗುವಷ್ಟು ನೀರಿದ್ದ ಕಡೆ ಹೋಗಿ ನಿಂತೆ. ಆ ಹೊತ್ತಿಗೆ ಊರಲ್ಲಿ ಅಕ್ಕನ ಗದ್ದೆಯ ಮೇಲಿನ ಮಡಿ ಮುಗಿದು ಕೆಳಗಿನ ಮಡಿಗೆ ಇಳಿದಿರುತ್ತಾರೆ, ಅಲ್ಲಿ ಕೆಸರು ಜಾಸ್ತಿ, ಅಕ್ಕನ ಸೊಂಟ ಹಿಡಿದುಕೊಳ್ಳುವುದು ಅಲ್ಲಿಯೇ. ಪ್ರತಿ ವರ್ಷ ಆ ಜಾಗಕ್ಕೆ ಬಂದಾಗ ನಾನು ಅವರ ಎಡಕ್ಕೆ ಹೋಗಿ ಸ್ವಲ್ಪ ಅಗಲಕ್ಕೆ ಸಾಲು ಹಿಡಿಯುತ್ತಿದ್ದೆ, ಅವರಿಗೆ ಒಂದಿಷ್ಟು ಕಡಿಮೆಯಾಗಲಿ ಎಂದು. ಕೂಲಿಗೆ ಬಂದವರಿಗೆ ಅದು ಹೇಗೆ ಗೊತ್ತಿರುತ್ತದೆ? ನನಗೆ ನಾಚಿಕೆಯಾಯಿತು. ಆ ಬಾಡಿಗೆ ಪ್ಯಾಂಟಿನಲ್ಲಿ, ಬಾಡಿಗೆ ಮಳೆಯಲ್ಲಿ ನಿಂತು ಅಳು ಬಂತು. ಎಲ್ಲರ ಮುಖವೂ ಒದ್ದೆಯಾಗಿದ್ದರಿಂದ ಯಾರೂ ಗಮನಿಸಲಿಲ್ಲ.

ಗುರುವಾರ ಊರಿಗೆ ಬಂದು ಬಟ್ಟೆ ಬದಲಿಸಿದವಳೇ ಮೈಸೂರುಪಾಕಿನ ಡಬ್ಬಿ ಹಿಡಿದು ಅಕ್ಕನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕಾಲು ಚಾಚಿ ಕೂತು ಪಾದಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಆಳುಗಳು ಚೆನ್ನಾಗಿ ನೆಟ್ಟರು, ಹೊತ್ತಿಗೆ ಮುಂಚೆಯೇ ಮುಗಿಯಿತು ಎಂದರು. ಮಗಳಿಗೆ ಖುಷಿಯಾಯಿತಾ ಎಂದು ಕೇಳಿದರು. ನಾನು ಹೊರಡುವಾಗ ಒಳಗೆ ಹೋಗಿ ಒಂದು ಮುಚ್ಚಿದ ಪಾತ್ರೆ ತಂದು ಕೈಗಿಟ್ಟರು. ನೆಟ್ಟಿಯ ದಿನದ ಕಡುಬು, ಕೋಳಿ ಸಾರು. ಗದ್ದೆಗಿಳಿದ ಪ್ರತಿ ಮನೆಗೂ ಸಲ್ಲುವ ಪಾಲು. ಕಡುಬನ್ನು ಮತ್ತೆ ಹಬೆಯಲ್ಲಿ ಬಿಸಿ ಮಾಡಿದ್ದರು.

"ನಾವು ಬರ್ಲೇ ಇಲ್ವಲ ಅಕ್ಕ" ಎಂದೆ.

"ಮಗು ತಿನ್ಲಿ ಬಿಡು" ಎಂದರು.

ಮನೆಗೆ ತಂದು ಮಗಳಿಗೂ ಇವರಿಗೂ ಬಡಿಸಿದೆ. ನಾನು ಬಡಿಸಿಕೊಳ್ಳಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ.

ಆ ವರ್ಷವಿಡೀ ಏನೂ ಬದಲಾಗಲಿಲ್ಲ. ಅಕ್ಕ ಮಜ್ಜಿಗೆಗೆ ಬರುತ್ತಿದ್ದರು, ನಾನು ಕರಿಬೇವಿಗೆ ಹೋಗುತ್ತಿದ್ದೆ. ಕಮ್ಮರಡಿಯ ಬಸ್ಸಿನಲ್ಲಿ ಒಟ್ಟಿಗೆ ಕೂತು ಹೋಗುತ್ತಿದ್ದೆವು. ನನ್ನ ಅಳುಕು ನಿಧಾನಕ್ಕೆ ಕರಗಿತು. ಮುಂದಿನ ಮಳೆಗಾಲಕ್ಕೆ ಸಸಿ ಎದ್ದಾಗ, ಈ ಸಲ ಅಕ್ಕನ ಗದ್ದೆಗೆ ಕರೆಯುವ ಮೊದಲೇ ಇಳಿಯಬೇಕು, ಒಂದು ದಿನ ಹೆಚ್ಚೇ ಮಾಡಿ ಹಳೆಯದನ್ನು ತೀರಿಸಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಮೊದಲು ನಮ್ಮ ನೆಟ್ಟಿ ಬಂತು. ಅಕ್ಕನಿಗೆ ದಿನ ಹೇಳಿ ಬಂದೆ. ಆಗಲಿ ಎಂದರು.

ಆ ಬೆಳಿಗ್ಗೆ ಕಂಬಳಿಕೊಪ್ಪೆ ಹೊದ್ದು ಅಂಗಳಕ್ಕೆ ಬಂದವರು ನನಗೆ ಅಷ್ಟೇನೂ ಪರಿಚಯವಿಲ್ಲದ ಇಬ್ಬರು ಹೆಂಗಸರು. ಆಚೆ ಕೇರಿಯಿಂದ ಕೂಲಿಗೆ ಬರುವವರು.

"ಪಕ್ಕದ ಮನೆಯವ್ರು ಕಳಿಸಿದ್ರು. ಕೂಲಿ ಅವರೇ ಕೊಟ್ಟಾಗಿದೆ" ಎಂದರು.

ಇಬ್ಬರೂ ಸೊಗಸಾಗಿ ನೆಟ್ಟರು. ಸಾಲು ದಾರ ಹಿಡಿದಷ್ಟು ನೇರವಾಗಿತ್ತು. ನಡುವೆ ಮಾತಿಲ್ಲ, ಒಬ್ಬರ ಕಾಲು ಒಬ್ಬರು ಎಳೆಯುವುದಿಲ್ಲ. ಮಧ್ಯಾಹ್ನದ ಊಟ ಬಡಿಸಿ ಬೇಲಿ ದಾಟಿ ಅಕ್ಕನ ಮನೆಗೆ ಓಡಿದೆ. ಮೈ ಸರಿಯಿಲ್ಲದೆ ಮಲಗಿರಬಹುದು ಎಂಬ ಆಸೆ ನನ್ನಲ್ಲಿತ್ತು. ಅದನ್ನು ಆಸೆ ಎಂದೇ ಹೇಳಬೇಕು. ಅಕ್ಕ ಅಡುಗೆಮನೆಯಲ್ಲಿ ಕೂತು ಹಲಸಿನ ಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲಿ ಅವರ ತಾಯಿ. ಕಿಗ್ಗದಿಂದ ಹಿಂದಿನ ದಿನ ಬಂದಿದ್ದರಂತೆ.

"ಬಾ ಬಾ, ಕೂರು" ಎಂದರು ಅಕ್ಕ. ಮುಖದಲ್ಲಿ ಸಿಟ್ಟಿನ ಗುರುತೇ ಇರಲಿಲ್ಲ. "ಆಳು ಹೆಂಗೆ ಮಾಡ್ತಿದಾರೆ? ಹೋದ್ವರ್ಷ ನೀನು ಹಂಗೆ ಮಾಡಿದ್ದು ಒಳ್ಳೇದೇ ಆತು ಮಾರಾಯ್ತಿ. ನಂಗೆ ಅದು ಹೊಳೆದೇ ಇರ್ಲಿಲ್ಲ ನೋಡು. ಈಗ ಅಮ್ಮ ಬಂದ್ರೆ ಬಿಟ್ಟು ಬರೋದು ಬೇಡ, ನೀವೂ ಎಲ್ಲಿಗಾದ್ರೂ ಹೋಗೋದಿದ್ರೆ ಆರಾಮಾಗಿ ಹೋಗ್ಬಹುದು. ಯಾರೂ ಯಾರಿಗೂ ಕಾಯ್ಬೇಕು ಅಂತಿಲ್ಲ."

ನಾನು ಹೌದು ಎಂದೆ. ತಾಯಿ ಬೀಜದ ಸಿಪ್ಪೆಯನ್ನು ಮಡಿಲಿನಿಂದ ಕೊಡವಿ, ಮಗಳ ಪಕ್ಕ ಇನ್ನಷ್ಟು ಸರಿದು ಕೂತರು. ಅಕ್ಕ ಇಟ್ಟ ಕಾಫಿ ಕುಡಿದೆ. ನಿಮ್ಮ ನೆಟ್ಟಿಗೆ ನಾನು ಬರುತ್ತೇನೆ ಅಕ್ಕ, ನಾನೇ ಬರುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಹೇಳಿದರು, ತಮ್ಮ ಗದ್ದೆಗೂ ಅದೇ ಹೆಂಗಸರನ್ನು ಗೊತ್ತುಮಾಡಿ ಆಗಿದೆ, ನಾನು ತಲೆಬಿಸಿ ಮಾಡಿಕೊಳ್ಳುವುದು ಬೇಡವಂತೆ.