ಕಿವಿಯಿಂದ ತಯಾರಿಸಿದ ಕೀ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಮುಳಬಾಗಿಲಿನ ಒಂದು ಕೋಚಿಂಗ್ ಸೆಂಟರಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಸರ್ಕಾರಿ ನೌಕರಿಯ ಪರೀಕ್ಷೆಗಳಲ್ಲಿ ನಾಲ್ಕು ವಾಕ್ಯ ಕೊಟ್ಟು ಸರಿಯಾದದ್ದನ್ನು ಆರಿಸಿ ಎನ್ನುತ್ತಾರಲ್ಲ, ಅದು ನನ್ನ ಪಾಠ. ವ್ಯಾಕರಣಕ್ಕಿಂತ ನನಗೆ ಮಿಮಿಕ್ರಿ ಚೆನ್ನಾಗಿ ಬರುತ್ತಿತ್ತು. ನಾಲ್ಕನ್ನೂ ಟಿವಿ ವಾರ್ತೆಯವರ ಗಂಟಲಲ್ಲಿ ಓದಿ, ಯಾವುದು ಗತ್ತಾಗಿ ಕೇಳಿಸುತ್ತದೋ ಅದೇ ಸರಿ ಎಂದು ಹೇಳಿಕೊಡುತ್ತಿದ್ದೆ. ಮಾಕ್ ಟೆಸ್ಟಿನ ಕೀ, ಅಂದರೆ ಸರಿಯುತ್ತರಗಳ ಪಟ್ಟಿಯನ್ನೂ ಕನ್ನಡಿ ಮುಂದೆ ನಿಂತು ಹಾಗೇ ತಯಾರಿಸಿದ್ದೆ. ಪುಸ್ತಕ ತೆರೆಯಲೇ ಇಲ್ಲ.

ಆ ಟೆಸ್ಟಿನಲ್ಲಿ ಮೊದಲ ಮೂವತ್ತು ಜನರಿಗೆ ಸ್ಪೆಷಲ್ ಬ್ಯಾಚು, ಪರೀಕ್ಷೆಯವರೆಗೂ ದಿನಾ ಪಾಠ. ನಂಗಲಿಯ ರತ್ನಮ್ಮ ಒಂದೇ ಅಂಕದಿಂದ ಹೊರಗುಳಿದಳು. ಹೆದ್ದಾರಿ ಪಕ್ಕ ಲಾರಿಯವರಿಗೆ ಇಡ್ಲಿ ಬೇಯಿಸಿಕೊಟ್ಟು ಬಸ್ಸು ಹಿಡಿದು ಬರುವವಳು. ವಯೋಮಿತಿ ಮುಗಿಯುತ್ತಿತ್ತು. ಆ ವರ್ಷದ್ದೇ ಅವಳ ಕೊನೆಯ ಪರೀಕ್ಷೆ.

"ಸಾರ್, ಮೂರು ಕ್ವೆಶ್ಚನ್‌ಗೆ ಕೀ ತಪ್ಪಿದೆ ಅನ್ಸುತ್ತೆ" ಎಂದಳು.

ನಾನು ಅವಳ ತೆಲುಗು ರಾಗದಲ್ಲೇ ಆ ಮಾತನ್ನು ತಿರುಗಿ ಹೇಳಿದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಶ್ರೀನಿವಾಸಪುರದ ನಮ್ಮ ಮನೆಮಾತೂ ತೆಲುಗೇ. ನಾನು ಅಣಕಿಸಿದ್ದು ನಮ್ಮಮ್ಮನನ್ನೇ ಎಂದು ಹೊಳೆಯಲಿಲ್ಲ.

ಮರುದಿನ ಅವಳು ಹೈಸ್ಕೂಲಿನ ಹಳೇ ವ್ಯಾಕರಣ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಮೂರು ಕಡೆ ಹೆಂಗಸರ ಫ್ರೀ ಬಸ್ ಟಿಕೆಟ್ ಸಿಕ್ಕಿಸಿದ್ದಳು. ಮೂರರಲ್ಲೂ ಅವಳೇ ಸರಿ.

ಸೆಂಟರಿನ ಡೈರೆಕ್ಟರ ಬಳಿ ಹೋಗಿ ಹೇಳಿದೆ. "ಲೇ, ಲಿಸ್ಟು ಗೋಡೆಗೆ ಅಂಟಿಸಾಯ್ತಲ್ಲೋ. ಕೀ ತಪ್ಪು ಅಂದ್ರೆ ಸೆಂಟರ್ ಮಾನ ಏನಾಗ್ಬೇಕು? ಆಯಮ್ಮನಿಗೆ ಸಮಾಧಾನ ಹೇಳು. ಯಾವ್ದಾದ್ರೂ ವಾಯ್ಸಲ್ಲಿ ಹೇಳು, ನಕ್ಕೊಂಡು ಹೋಗ್ತಾಳೆ."

ಮೈಯೆಲ್ಲ ಉರಿದುಹೋಯಿತು. ಈಗ ಬರೆಯುವಾಗಲೂ ಉರಿಯುತ್ತಿದೆ. ಲಾರಿ ಹೊಗೆಯಲ್ಲಿ ಓದಿದವಳು ಸರಿ, ಫ್ಯಾನಿನ ಕೆಳಗೆ ಕೂತ ನಾವಿಬ್ಬರು ತಪ್ಪು. ಆದರೂ ಹೊರಗಿರಬೇಕಾದವಳು ಅವಳು.

"ಕೀ ತಪ್ಪು ಅಂತ ನಾನೇ ಬೋರ್ಡ್ ಮೇಲೆ ಬರೀತೀನಿ ಸಾರ್."

"ಬರಿ. ಬರೆದು ಹಂಗೇ ಮನೆಗೆ ಹೋಗು."

ಬರೆದೆ. ಆ ತಿಂಗಳೇ ಕೆಲಸವೂ ಹೋಯಿತು. ಈಗ ಕೋಲಾರದಲ್ಲಿ ಪಾಠ ಮಾಡುತ್ತೇನೆ. ಕೀಯಲ್ಲಿ ಪ್ರತಿ ಉತ್ತರದ ಪಕ್ಕ ಪುಸ್ತಕದ ಪುಟಸಂಖ್ಯೆ ಹಾಕುತ್ತೇನೆ. ಕನ್ನಡಿಯನ್ನು ಗಡ್ಡ ಕೆರೆಯುವುದಕ್ಕಷ್ಟೇ ಬಳಸುತ್ತೇನೆ.

ನಾನು ಬೋರ್ಡ್ ಮೇಲೆ ಬರೆದ ದಿನವೇ ಸಂಜೆಯೊಳಗೆ ರತ್ನಮ್ಮನ ಹೆಸರಿದ್ದ ಹೊಸ ಪಟ್ಟಿ ಗೋಡೆಗೆ ಬಂತು. ಅದನ್ನು ಹಾಕಿಸಿದ್ದು ನನ್ನ ಸಿಟ್ಟಲ್ಲ, ಅವಳ ಮಾತು. ಬೋರ್ಡನ್ನು ಒರೆಸುತ್ತ ಡೈರೆಕ್ಟರು ತುಂಬಿದ ತರಗತಿಯಲ್ಲಿ, "ಮೇಷ್ಟ್ರ ತಪ್ಪು ಹಿಡಿಯೋಕೆ ನೀನ್ಯಾರಮ್ಮ?" ಎಂದು ಕೇಳಿದರು. ರತ್ನಮ್ಮ ಎದ್ದು ನಿಂತಳು.

"ಪರೀಕ್ಷೆ ಬರೆಯೋಳು ಸಾರ್. ಅಲ್ಲಿಗೆ ನಿಮ್ಮ ಕೀನೂ ಬರಲ್ಲ, ಈ ಸಾರ್ ಮಿಮಿಕ್ರಿನೂ ಬರಲ್ಲ."