ಬಳೆ ಒಡೆಯದ ಮನೆಗಳನ್ನು ಹುಡುಕಿದ ಹಬೀಬಣ್ಣ

ಯುಗಾದಿ ಕಳೆದಿತ್ತು. ತೂಬಗೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಜಗಲಿ ಮೇಲೆ ಕೂತು ಹುಣಸೆಬೀಜ ಬಿಡಿಸುತ್ತಿದ್ದೆ. ಹೆಗಲಿಗೆ ಬಳೆಯ ಮಲಾರ ಹಾಕಿಕೊಂಡ ಮುದುಕರೊಬ್ಬರು ಬಂದು ನಿಂತರು. ಇದು ಗಂಡ ಸತ್ತವಳ ಮನೆ, ಮುಂದೆ ಹೋಗಿ ಸಾಬ್ರೇ ಅಂದೆ. ಮಾರೋಕಲ್ಲ, ಒಂದು ಮಾತು ಕೇಳೋಕೆ ಬಂದೆ ಅಂದರು.

"ನಿಮ್ಮ ತಾಯಿ ತೀರಿಕೊಂಡಾಗ ಕೈಯಲ್ಲಿ ಬಳೆ ಇದ್ವಾ ಅಕ್ಕಾ?"

ನನಗೆ ಮೈ ಉರಿಯಿತು. ಊರಿನವರು ಬೆನ್ನ ಹಿಂದೆ ಆಡಿಕೊಂಡ ಮಾತು ಅದು. ನಮ್ಮಪ್ಪ ಪಿಳ್ಳಪ್ಪ, ನಾನು ಹೊಟ್ಟೆಯಲ್ಲಿದ್ದಾಗ ಮೈಸೂರು ಮಹಾರಾಜರ ಕಾಲಾಳು ಪಲ್ಟನ್ನಿನ ಜೊತೆ ಸಿಂಗಪುರಕ್ಕೆ ಹೋದವನು, ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಅವ್ವ ಬಳೆ ಒಡೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಪಿತೃಪಕ್ಷದಲ್ಲಿ ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ ಎಡೆ ಇಡುವಾಗ ಅಪ್ಪನಿಗೆ ಮಾತ್ರ ಎಲೆ ಇಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ನಾವೇ ಕೊಂದಂತೆ ಅನ್ನುತ್ತಿದ್ದಳು. ಅವಳು ಹೋದಮೇಲೆ ನಾನೂ ಇಡಲಿಲ್ಲ. ಅಪ್ಪ ಎಲ್ಲಿ ಹಸಿದಿದ್ದಾನೋ ಅಂತ ಪ್ರತಿ ಹಬ್ಬಕ್ಕೂ ಅರ್ಧ ಊಟಕ್ಕೇ ಏಳುತ್ತಿದ್ದೆ.

ಸಾಬರು ಜಗಲಿಯ ಕೆಳಗೇ ಕೂತು ಹೇಳಿದರು. ಹೆಸರು ಹಬೀಬುಲ್ಲಾ, ಊರು ಹೊಸಕೋಟೆ. ಅವರಪ್ಪ ಖಲೀಲರೂ ಅದೇ ಪಲ್ಟನ್ನಿನ ಸಿಪಾಯಿ, ಅವರೂ ಬರಲಿಲ್ಲ. ತಾಯಿ ಫಕ್ರುನ್ನೀಸಾ ಊರೂರಲ್ಲಿ ಬಳೆ ತೊಡಿಸಿ ಮಗನನ್ನು ಸಾಕಿದವರು. ಸತ್ತವರಿಗೆ ಓದುವ ಫಾತಿಹಾವನ್ನು ಗಂಡನ ಹೆಸರಲ್ಲಿ ಓದಿಸಲು ಕೊನೆಯವರೆಗೂ ಬಿಡಲಿಲ್ಲ. ಗಂಡನ ಸುಳಿವಿಲ್ಲದೆಯೂ ಬಳೆಗೆ ಕೈ ಚಾಚುವ ಹೆಂಗಸು ಯಾವ ಊರಲ್ಲಿದ್ದಾಳೆ ಅಂತ ಆ ತಾಯಿಗೆ ಗೊತ್ತಿತ್ತು, ಮಗನಿಗೂ ಹೇಳಿದ್ದರು. ತಾಯಿ ಸತ್ತಮೇಲೆ ಮಗ ಆ ಮನೆಗಳನ್ನೇ ಹಿಡಿದು ದಂಡಿಗೆ ಹೋದವರನ್ನು ಹುಡುಕತೊಡಗಿದರು.

ಸಿಂಗಪುರದಲ್ಲಿ ಜಪಾನಿನವರಿಗೆ ಸೆರೆ ಸಿಕ್ಕವರಲ್ಲಿ ಕೆಲವರು ಆಮೇಲೆ ಇಂಗ್ಲಿಷರ ಮೇಲೆಯೇ ತಿರುಗಿಬಿದ್ದು, ಬರ್ಮಾ ಗಡಿಯಲ್ಲಿ ಕಾದಿ ಸೋತರಂತೆ. ಒಬ್ಬ ಹಡಗಿನಲ್ಲೇ ಸತ್ತ. ಇನ್ನೊಬ್ಬ ತಿರುಗಿ ಬಂದು ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿಗೆ ಕಾವಲು ಕೂತ, ದಂಡಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಇಂಥದ್ದನ್ನೆಲ್ಲ ಸಾಬರು ಆಯಾ ಮನೆಗೆ ಮುಟ್ಟಿಸಿದ್ದರು. ತಮ್ಮಪ್ಪನ ಸುದ್ದಿ ಮಾತ್ರ ಸಿಕ್ಕಿರಲಿಲ್ಲ.

ಆಮೇಲೆ ಈ ಕಡೆ ಬಂದಾಗಲೆಲ್ಲ ನಮ್ಮ ಜಗಲಿಗೆ ಬರುತ್ತಿದ್ದರು. ಹಬೀಬಣ್ಣ ಅನ್ನತೊಡಗಿದೆ. ಒಂದು ಮಳೆಗಾಲ, ಆ ಪಲ್ಟನ್ನಿನವರು ಒಬ್ಬರು ಬದುಕಿದ್ದಾರೆ ಅಂತ ಓಡಿಬಂದರು. ಶಿವಗಂಗೆ ಬೆಟ್ಟದ ಕೆಳಗಿನ ಹಳ್ಳಿಯ ಅಪ್ಪಯ್ಯಣ್ಣ, ತೊಂಬತ್ತು ದಾಟಿದವರು. ಇಬ್ಬರೂ ಬಸ್ಸು ಹತ್ತಿದೆವು.

ಅಪ್ಪಯ್ಯಣ್ಣ ಬಳೆ ನೋಡಿ, "ಏನ್ಲಾ, ದಂಡಿನೋರಿಗೆ ಬಳೆ ತೊಡ್ಸೋಕೆ ಬಂದ್ಯಾ?" ಅಂದರು. ನಮ್ಮ ಅಪ್ಪಂದಿರ ಹೆಸರು ಹೇಳಿದೆವು. ಅವರ ನಗು ನಿಂತಿತು.

ಸೋತು ಹಿಂದಕ್ಕೆ ನಡೆಯುವಾಗ ಮಳೆ, ಜ್ವರ, ತಿನ್ನಲು ಕಾಡುಸೊಪ್ಪು. ಒಂದು ಹೊಳೆಯ ದಡದಲ್ಲಿ ಪಿಳ್ಳಪ್ಪ ಪ್ರಾಣ ಬಿಟ್ಟ, ನಾನೇ ಅವನ ಕಣ್ಣು ಮುಚ್ಚಿಸಿದೆ ಅಂದರು. ಹಿಂದೆ ಇಂಗ್ಲಿಷರ ದಂಡು ಬರುತ್ತಿತ್ತು. ಎಲ್ಲರೂ ಹೊರಟರು, ಖಲೀಲ್ ಒಬ್ಬನೇ ಏಳಲಿಲ್ಲ.

"ಇವನಿಗೆ ಮಣ್ಣು ಹಾಕಿ ಬರ್ತೀನಿ, ನೀವು ನಡೀರಿ ಅಂದ. ನಾವು ನಡೆದ್ವಿ. ಅವನು ಬರ್ಲಿಲ್ಲ."

ಸತ್ತದ್ದನ್ನು ಯಾರಾದರೂ ಕಂಡರಾ ಅಂತ ಹಬೀಬಣ್ಣ ಕೇಳಿದರು. ಇಲ್ಲ ಅಂದರು. ಮತ್ತೆ ಕೇಳಿದರು. ಅಪ್ಪಯ್ಯಣ್ಣ ಗೋಡೆಯ ಕಡೆ ತಿರುಗಿ ಮಲಗಿದರು.

ವಾಪಸು ಬರುವಾಗ ಹಬೀಬಣ್ಣನ ಮುಖ ನೋಡಲು ನನ್ನಿಂದ ಆಗಲಿಲ್ಲ. ನನ್ನಪ್ಪನಿಗೆ ಮಣ್ಣು ಹಾಕಲು ಹಿಂದುಳಿದು ಅವರಪ್ಪ ಕಾಣೆಯಾದದ್ದು. ಅವರೇ ನನಗೆ ಕಿಟಕಿ ಪಕ್ಕ ಜಾಗ ಮಾಡಿಕೊಟ್ಟು, ಈ ಸಲ ಅಪ್ಪನಿಗೆ ಎಡೆ ಇಡಿ ಅಕ್ಕ, ಪಾಪ ಹಸಿದಿದ್ದಾರೆ ಅಂದರು.

ಅಲ್ಲಿಂದಾಚೆಗೆ ಅವರು ಯಾವ ಊರಿಗೂ ಹೋಗಲಿಲ್ಲ. ಮಲಾರ ಮೊಳೆಗೆ ತೂಗುಹಾಕಿ ಮಲಗಿಬಿಟ್ಟರು. ಪಿತೃಪಕ್ಷಕ್ಕೆ ಮುಂಚೆ ಮೊಮ್ಮಗಳು ಫರ್ಹಾ ಫೋನ್ ಮಾಡಿ, ತಾತ ನಿಮ್ಮನ್ನ ಕೇಳ್ತಿದ್ದಾರೆ ಅಂದಳು. ಹೊಸಕೋಟೆಗೆ ಹೋದೆ. ಮಂಚದಲ್ಲಿ ಬರೀ ಮೂಳೆಯಾಗಿ ಮಲಗಿದ್ದರು. ಎಡೆಗೆ ಏನೇನು ಮಾಡ್ತೀರಿ ಅಂತ ವಿಚಾರಿಸಿದರು. ಮುದ್ದೆ, ಕೋಳಿಸಾರು, ವಡೆ, ಎಲೆಅಡಿಕೆ, ಬೀಡಿ, ಒಂದು ಹೊಸ ಪಂಚೆ ಅಂದೆ. ಕೋಳಿಯನ್ನು ಫರ್ಹಾಳ ಗಂಡ ಬಂದು ಹಲಾಲ್ ಮಾಡಿ ಕೊಡುತ್ತಾನೆ, ಬೇರೆಯವರ ಕೈಲಿ ಬೇಡ ಅಂದರು. ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ. ಮೊಳೆಯಲ್ಲಿದ್ದ ಬಳೆಗಳ ಕಡೆ ತಿರುಗಿದರು. ಆಮೇಲೆ ಕೇಳಿದರು:

"ಅಕ್ಕಾ, ನಿಮ್ಮಪ್ಪನ ಎಲೆ ಪಕ್ಕದಲ್ಲಿ ನಮ್ಮಪ್ಪಂಗೂ ಒಂದು ಎಲೆ ಹಾಕ್ತೀರಾ?"