ಚೆಂಡಿಲ್ಲದ ಮಧ್ಯಾಹ್ನಗಳು

ಹೋದ ಭಾನುವಾರ ಮುಂಬಯಿ ಪಕ್ಕದ ಠಾಣೆ ಊರಿನಲ್ಲಿರುವ ತಂಗಿಯ ಮನೆಗೆ ಊಟಕ್ಕೆಂದು ಡೊಂಬಿವಲಿಯಲ್ಲಿ ಲೋಕಲ್ ಹತ್ತಿದೆ. ರಜೆಯ ದಿನವಾದ್ದರಿಂದ ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗವಿತ್ತು. ಎದುರಿನ ಸೀಟಿನಲ್ಲಿ ಒಂದೇ ಬಣ್ಣದ ಜೆರ್ಸಿ ತೊಟ್ಟ ಕಾಲೇಜು ಹುಡುಗಿಯರು. ಅವರಲ್ಲೊಬ್ಬಳು ಸಾಕ್ಸ್ ಕೆಳಗೆಳೆದು ಕಣಕಾಲಿಗೆ ನೋವಿನ ಸ್ಪ್ರೇ ಹೊಡೆದುಕೊಂಡಳು. ಕರ್ಪೂರವನ್ನೂ ಪುದೀನವನ್ನೂ ಒಟ್ಟಿಗೆ ಜಜ್ಜಿದಂಥ, ಮೂಗಿಗೆ ತಣ್ಣಗೆ ತಾಗುವ ವಾಸನೆ... "ಸಾರಿ ಆಂಟಿ" ಎಂದಳು ಹುಡುಗಿ. ನಾನು ಪರವಾಗಿಲ್ಲವೆಂದು ತಲೆಯಾಡಿಸಿದೆ. ಎಷ್ಟೋ ವರ್ಷ ನಮ್ಮ ಕಟ್ಟಡದ ಮೆಟ್ಟಿಲುಗಳಲ್ಲಿ ಈ ವಾಸನೆ ಉಳಿದುಕೊಂಡಿರುತ್ತಿತ್ತು. ಮೂರನೇ ಮಹಡಿಯವರು ಈಗಷ್ಟೇ ಹತ್ತಿ ಹೋದರು ಎಂದು ಬಾಗಿಲು ತೆರೆಯದೆಯೇ ನನಗೆ ತಿಳಿಯುತ್ತಿತ್ತು.

ಮೂರನೇ ಮಹಡಿಯ ಆ ಹೆಂಗಸು ಮದುವೆಯಾಗಿ ಧಾರವಾಡದಿಂದ ಬಂದವರು. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು, ಯೂನಿವರ್ಸಿಟಿ ತಂಡಕ್ಕೂ ಆಡಿದ್ದರು. ನಮ್ಮ ಕಟ್ಟಡದ ಹೆಂಗಸರಿಗೆ ಮೊದಲು ಗೊತ್ತಾದದ್ದು ಆಟವಲ್ಲ, ಅವರ ಎತ್ತರ. ಅಡುಗೆಮನೆಯ ಅಟ್ಟದಿಂದ ದೊಡ್ಡ ಡಬ್ಬಿ ಇಳಿಸಬೇಕಾದರೆ ಯಾರೂ ಸ್ಟೂಲ್ ಹುಡುಕುತ್ತಿರಲಿಲ್ಲ, ಮೂರನೇ ಮಹಡಿಗೆ ಕೂಗು ಹಾಕುತ್ತಿದ್ದೆವು. ಅವರು ಬಂದು ಒಂದೇ ಕೈಯಲ್ಲಿ ಇಳಿಸಿಕೊಟ್ಟು ನಗುತ್ತಿದ್ದರು. "ನಮ್ಮಪ್ಪ ವರ ಹುಡುಕೂ ಮುಂದ ನನ್ನ ಎತ್ತರಾನ ಮುಚ್ಚಿಟ್ಟಿದ್ರು ನೋಡ್ರಿ ಅಕ್ಕಾರ. ನೋಡಾಕ ಬಂದವರ ಮುಂದ ಏಳಾಕ ಬಿಡಲಿಲ್ಲ. ಕುಂತಾಕಿನ್ನ ಒಪ್ಪಿದ್ರು, ನಿಂತಾಕಿನ್ನ ಕರಕೊಂಡು ಬಂದ್ರು."

ಅವರ ಬಲಗೈಯ ಕೊನೆಯ ಎರಡು ಬೆರಳುಗಳು ಸ್ವಲ್ಪ ಸೊಟ್ಟಗಿದ್ದವು. ಯಾವುದೋ ಪಂದ್ಯದಲ್ಲಿ ಮುರಿದದ್ದಂತೆ. ಚಪಾತಿ ಲಟ್ಟಿಸುವಾಗ ಆ ಬೆರಳುಗಳು ಲಟ್ಟಣಿಗೆಯಿಂದ ದೂರವೇ ನಿಲ್ಲುತ್ತಿದ್ದವು.

ಬೆಳಿಗ್ಗೆ ಒಂದು ಶಾಲೆಯಲ್ಲಿ ಪಾರ್ಟ್‌ಟೈಮ್ ಪಿಟಿ ಟೀಚರ್. ಡ್ರಿಲ್ ಮಾಡಿಸುವುದು, ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಅಷ್ಟೇ. ಅವರಿಗೆ ಬೇಕಾಗಿದ್ದದ್ದು ಒಂದು ತಂಡ. ಪಕ್ಕದ ಊರು ಕಲ್ಯಾಣದ ಒಂದು ಮಹಿಳಾ ಕಾಲೇಜಿಗೆ ಕೋಚ್ ಬೇಕೆಂದು ಕೇಳಿ ಹೋಗಿ ಬಂದರು. ಅಲ್ಲಿನ ಕ್ರೀಡೆಯ ಉಸ್ತುವಾರಿಯ ಮೇಡಂ, ನೀವು ಆಡಿದ್ದು ಸರಿ, ಕಲಿಸಿದ್ದು ಎಲ್ಲಿ ಎಂದರಂತೆ. ಕಲಿಸಿದ ತಂಡ ಯಾವುದಾದರೂ ಆಡುವಾಗ ತಿಳಿಸಿ, ಬಂದು ನೋಡುತ್ತೇನೆ ಎಂದರಂತೆ. ಇವರು ಮರುದಿನವೇ ನಮ್ಮ ಕಟ್ಟಡದ, ಪಕ್ಕದ ಕಟ್ಟಡದ ಹುಡುಗಿಯರನ್ನು ಒಟ್ಟುಮಾಡಿದರು. ನನ್ನ ಮಗಳೂ ಸೇರಿದಳು. ಬಿಲ್ಡರ್ ಯಾವ ಹುಮ್ಮಸ್ಸಿನಲ್ಲೋ ಕಾಂಪೌಂಡಿನಲ್ಲಿ ನೆಟ್ಟುಹೋಗಿದ್ದ ಒಂದು ಬ್ಯಾಸ್ಕೆಟ್ ಇತ್ತು, ಬಲೆಯಿಲ್ಲದ ಬರೀ ರಿಂಗು.

ತೊಡಕು ಬಂದದ್ದು ಹೊತ್ತಿನದು. ಸಂಜೆ ಹುಡುಗಿಯರಿಗೆ ಟ್ಯೂಷನ್, ಅವರಿಗೆ ಅತ್ತೆ ಮಾವನ ಚಹಾ, ಅಡುಗೆ. ಮಧ್ಯಾಹ್ನವೊಂದೇ ಬಿಡುವು. ಆದರೆ ನೆಲಮಹಡಿಯ ಕಾಕಾ ಕೆಮಿಕಲ್ ಫ್ಯಾಕ್ಟರಿಯಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಮಲಗುವುದೂ ಆಗಲೇ. ಅವರ ಕಿಟಕಿಯ ಎದುರಿಗೇ ರಿಂಗು. ಮೊದಲ ದಿನ ಚೆಂಡು ನಾಲ್ಕು ಸಲ ನೆಲಕ್ಕೆ ಬಡಿಯುವಷ್ಟರಲ್ಲಿ ಕಾಕಾ ಬನಿಯನ್ನಿನಲ್ಲೇ ಹೊರಬಂದು ಕೈಮುಗಿದರು. "ಮ್ಯಾಡಂ, ಜರಾ ಝೋಪೂ ದ್ಯಾ ಹೋ!" ಬೈದಿದ್ದರೆ ಜಗಳವಾಡಬಹುದಿತ್ತು. ಸ್ವಲ್ಪ ಮಲಗಲು ಬಿಡಿ ಎಂದು ಕೆಂಪು ಕಣ್ಣಿನ ಮನುಷ್ಯ ಬೇಡಿಕೊಂಡರೆ ಏನು ಮಾಡುವುದು?

ಮಾರನೆಯ ದಿನದಿಂದ ಚೆಂಡು ಮನೆಯಲ್ಲೇ ಉಳಿಯಿತು. ಹುಡುಗಿಯರು ಬರಿಗೈಯಲ್ಲಿ ಓಡಿದರು, ತಿರುಗಿದರು, ಇಲ್ಲದ ಚೆಂಡನ್ನು ಹಿಡಿದರು, ಇಲ್ಲದ ಚೆಂಡನ್ನು ಎಸೆದರು. ಸೀಟಿಯೂ ಇಲ್ಲ. ಅವರು ಕೈ ಎತ್ತಿದರೆ ನಿಲ್ಲಬೇಕು, ಅಂಗೈ ತಿರುಗಿಸಿದರೆ ದಿಕ್ಕು ಬದಲಿಸಬೇಕು. ಯಾರಾದರೂ ಕಿಸಕ್ಕೆಂದರೆ ಅವರು ಕಾಕಾನ ಕಿಟಕಿಯತ್ತ ಕಣ್ಣು ಹೊರಳಿಸುತ್ತಿದ್ದರು, ಸಾಕು. ಶೂಗಳು ಸಿಮೆಂಟಿಗೆ ಉಜ್ಜುವ ಸದ್ದು, ಉಸಿರು, ಅಷ್ಟೇ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅಕ್ಕಿ ಆರಿಸುತ್ತಾ ನೋಡುತ್ತಿದ್ದೆ. ಬಾಗಿಲು ಮುಚ್ಚಿದರೂ ಸದ್ದಾಗಬಾರದೆಂದು ಕಲಿಸುತ್ತಿದ್ದ ಕಾನ್ವೆಂಟ್ ಸಿಸ್ಟರ್‌ಗಳ ಕೈಯಲ್ಲಿ ಬೆಳೆದ ನನಗೆ ಅದು ಬಹಳ ಚೆನ್ನಾಗಿ ಕಾಣುತ್ತಿತ್ತು.

ಎದುರುಮನೆಯ ಬೆಂಗಳೂರಿನ ಆಕೆಗೆ ಮಾತ್ರ ನಗು ತಡೆಯಲಾಗುತ್ತಿರಲಿಲ್ಲ. "ಏನ್ರೀ ಇದು, ಚೆಂಡೇ ಇಲ್ದೆ ಬ್ಯಾಸ್ಕೆಟ್‌ಬಾಲು! ನಾಳೆ ಗ್ಯಾಸೇ ಹಚ್ದೆ ಅಡುಗೆ ಕಲಿಸ್ತಾರೆ, ನೋಡ್ತಾ ಇರಿ" ಎಂದರು ಒಂದು ದಿನ, ಮೆಟ್ಟಿಲಲ್ಲಿ, ಅವರಿಗೇ ಕೇಳುವಂತೆ.

ಅವರು ಬೇಸರಪಡಲಿಲ್ಲ. "ಆಟದಾಗ ಚಂಡ್ ಒಬ್ಬಾಕಿ ಕೈಯಾಗ ಎಷ್ಟೊತ್ತು ಇರತದ್ರೀ? ಚೂರು. ಉಳಿದ ಹೊತ್ತೆಲ್ಲಾ ಅದು ಇಲ್ಲದ ಓಡಬೇಕು. ಚಂಡ್ ನೋಡಬ್ಯಾಡ್ರಿ, ಚಂಡ್ ಇಲ್ಲದಾಕಿನ್ನ ನೋಡ್ರಿ, ಆಟ ಅಕಿ ಹತ್ರ ಇರತದ" ಎಂದರು. ಬೆಂಗಳೂರಿನಾಕೆ ನನ್ನ ಕಡೆ ನೋಡಿ ಹುಬ್ಬೇರಿಸಿದರು. ನಾನು ಅಂದಿನಿಂದ ಅವರು ಹೇಳಿದ ಹಾಗೇ ನೋಡತೊಡಗಿದೆ.

ಭಾನುವಾರಗಳಂದು ದೂರದ ಒಂದು ಮೈದಾನದಲ್ಲಿ ನಿಜವಾದ ಚೆಂಡು ಸಿಗುತ್ತಿತ್ತು. ಅಲ್ಲೂ ರೂಢಿಯಂತೆ ಸದ್ದಿಲ್ಲದೆ, ತಮ್ಮತಮ್ಮಲ್ಲೇ ಹುಡುಗಿಯರು ಚೆನ್ನಾಗಿ ಆಡಿದರು, ಎಷ್ಟು ಚೆನ್ನಾಗಿ ಎಂದರೆ ವಾಶಿಯಲ್ಲಿ ನಡೆಯುವ ಟೂರ್ನಮೆಂಟಿಗೆ ಇವರು ತಂಡದ ಹೆಸರು ಕೊಟ್ಟುಬಿಟ್ಟರು. ಕಲ್ಯಾಣದ ಮೇಡಂಗೂ ಹೇಳಿ ಕಳಿಸಿದರು. ಬರುತ್ತೇನೆ ಎಂದರಂತೆ ಆಕೆ. ಪಂದ್ಯದ ಹಿಂದಿನ ದಿನ ಇವರು ನಮ್ಮನೆಗೆ ಬಂದು, ಕೂರದೆ, ಫ್ರಿಜ್ಜಿಗೆ ಒರಗಿ ನಿಂತು, "ಇದೊಂದು ಆದ್ರ ಆತ್ರಿ ಅಕ್ಕಾರ. ಆಗಲಿಲ್ಲಂದ್ರ ಡ್ರಿಲ್ ಮಾಡಸ್ಕೋತ ಇರೂದ" ಎಂದರು. ಅವರ ಮನೆಯವರು, ಸಾಕು ಈ ಆಟ, ಬಿಎಡ್ ಮಾಡು ಎಂದು ಹೇಳಿಯಾಗಿತ್ತು.

ನಾನು ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಜೊತೆಗೆ ಹೋದೆ. ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿ ತಲುಪಿದೆವು. ಆಟದ ಹಾಲ್ ತುಂಬ ಗದ್ದಲ, ಪೀಪಿ, ತಾಯಂದಿರ ಕೂಗಾಟ. ಮೂರನೇ ಸಾಲಿನಲ್ಲಿ ಕಾಟನ್ ಸೀರೆಯ ಆ ಮೇಡಂ ಪರ್ಸನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

ಪಂದ್ಯ ಶುರುವಾಯಿತು. ನಮ್ಮ ಹುಡುಗಿಯರು ಓಡಿದ ರೀತಿಗೆ ಮೊದಮೊದಲು ಚಪ್ಪಾಳೆಯೂ ಬಿತ್ತು. ಆಮೇಲೆ ಏನೋ ತಪ್ಪತೊಡಗಿತು. ಎದುರು ತಂಡದವಳೊಬ್ಬಳು ಬೆನ್ನ ಹಿಂದೆ ಬಂದು ಗೋಡೆಯಂತೆ ನಿಂತರೆ, ಅದನ್ನು ಕಂಡ ಗೆಳತಿ ಕೂಗಿ ಎಚ್ಚರಿಸಬೇಕು. ನಮ್ಮವರು ಯಾರೂ ಕೂಗಲಿಲ್ಲ. ಒಬ್ಬಳು ಹೋಗಿ ಢಿಕ್ಕಿ ಹೊಡೆದಳು. ಎದುರಿನ ಒಬ್ಬಳ ಮೇಲೆ ನಮ್ಮವರಿಬ್ಬರು ಹೋದರು, ಅವರ ಇನ್ನೊಬ್ಬಳು ಖಾಲಿ ಉಳಿದು ಆರಾಮಾಗಿ ಚೆಂಡು ಹಾಕಿದಳು. ನನ್ನ ಮಗಳು ಬಾಯಿ ತೆರೆದಳು, ಮುಚ್ಚಿಕೊಂಡಳು, ಕೈ ಎತ್ತಿ ಸನ್ನೆ ಮಾಡಿದಳು. ಆ ಗಡಿಬಿಡಿಯಲ್ಲಿ ಕೈ ನೋಡುವವರು ಯಾರು? "ಮುಕೀ ಟೀಮ್ ಹೈ ರೇ!" ಎಂದು ಯಾರೋ ಹಿಂದಿನಿಂದ ನಕ್ಕರು. ಮೂಗಿಯರ ತಂಡವಂತೆ.

ಎಂದೂ ಬೆಂಚಿನಲ್ಲಿ ಕೂರದ ಅವರು ಆಗ ಕೂತುಬಿಟ್ಟರು. ಸೊಟ್ಟ ಬೆರಳುಗಳಿಂದ ಹಣೆ ಒತ್ತಿಕೊಂಡರು. ಅವರಿಗೆ ಅರ್ಥವಾಗಿತ್ತು.

ಅರ್ಧಕ್ಕೆ ಆಟ ನಿಂತಾಗ ಹುಡುಗಿಯರು ಸುತ್ತ ಸೇರಿದರು. "ಬೋಲೋ! ಚಿಲ್ಲಾವೋ! ಇಧರ್ ಕೋಯೀ ಸೋಯಾ ನಹೀ ಹೈ!" ಎಂದರು ಅವರು. ಕೂಗಿ, ಇಲ್ಲಿ ಯಾರೂ ಮಲಗಿಲ್ಲ! ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಣ್ಣಗೆ ಏನೋ ಅಂದರು. "ಇದೇನ, ಬೆಕ್ಕಿನ ಮರಿಗೆ ಕರದಂಗ?" ಎಂದು ಕನ್ನಡದಲ್ಲೇ ಗದರಿ, ಅವರೇ ಒಂದು ಕೂಗು ಹಾಕಿದರು ನೋಡಿ... ಇಡೀ ಹಾಲ್ ತಿರುಗಿ ನೋಡಿತು. ಚಿತ್ರಾನ್ನದ ಡಬ್ಬಿಯ ಮುಚ್ಚಳ ನನ್ನ ಕೈಯಿಂದ ಜಾರಿತು. ಎರಡನೇ ಅರ್ಧದಲ್ಲಿ ಮೊದಲು ಬಾಯಿಬಿಟ್ಟವಳು ನನ್ನ ಮಗಳು. ಮನೆಯಲ್ಲಿ ಕರೆದರೆ "ಹಾಂ ಮಮ್ಮಿ" ಎಂದು ಪಿಸುಗುಡುವವಳ ಎದೆಯಲ್ಲಿ ಅಂಥ ದನಿಯಿತ್ತೆಂದು ಹೆತ್ತ ನನಗೇ ಗೊತ್ತಿರಲಿಲ್ಲ.

ಆದರೂ ಸೋತೆವು. ಅಂತರ ಕಡಿಮೆಯಾಗಿತ್ತು, ಅಷ್ಟೆ. ತಿರುಗಿ ನೋಡುವಷ್ಟರಲ್ಲಿ ಮೂರನೇ ಸಾಲಿನ ಸೀಟು ಖಾಲಿ.

ವಾಪಸ್ಸು ಬರುವಾಗ ಹುಡುಗಿಯರು ಬಾಗಿಲ ಬಳಿ ಹರಟುತ್ತಿದ್ದರು. ಅವರು ನನ್ನ ಪಕ್ಕ ಕೂತು ಹೇಳಿದರು: "ತಪ್ಪು ನಂದರೀ ಅಕ್ಕಾರ. ಕಾಕಾನ ನಿದ್ದಿ ಕಾಯಕೋತ ಹುಡುಗ್ಯಾರ ಬಾಯಿ ಕಟ್ಟಿಬಿಟ್ಟೆ." ನಾನೂ ಕಿಟಕಿಯಲ್ಲಿ ನಿಂತು ಆ ಮೌನವನ್ನು ಮೆಚ್ಚಿದವಳೇ. ಉಳಿದಿದ್ದ ಚಿತ್ರಾನ್ನ ಕೊಟ್ಟೆ, ತಿಂದರು.

ಒಂದು ವಾರದ ಮೇಲೆ ಕಲ್ಯಾಣದಿಂದ ಕರೆ ಬಂತು. ಕೋಚ್ ಹುದ್ದೆಯನ್ನು ಬೇರೊಬ್ಬರಿಗೆ ಕೊಟ್ಟಾಗಿತ್ತು. ಬೇಕಾದರೆ ಅವರ ಕೈಕೆಳಗೆ ಬರಬಹುದು ಎಂದಿದ್ದರು. ಆ ಮೇಡಂ ಕೊನೆಯವರೆಗೂ ಇದ್ದರಂತೆ, ಗೆಲ್ಲುವ ತಂಡವನ್ನು ಎಲ್ಲರೂ ನಡೆಸುತ್ತಾರೆ, ಅರ್ಧ ಆಟದಲ್ಲಿ ತನ್ನ ತಪ್ಪು ತಾನೇ ಹಿಡಿದವರನ್ನು ಅಂದು ಕಂಡೆ ಎಂದರಂತೆ. ಇವರು ಮನೆಯಲ್ಲಿ ಏನು ಹೇಳಿ ಒಪ್ಪಿಸಿದರೋ, ಹೋದರು. ಆ ಕೋಚ್ ಸಾಹೇಬರು ಫೋಟೋ ತೆಗೆಯುವ ದಿನ ಬರುತ್ತಿದ್ದರು, ಉಳಿದ ದಿನ ಇವರೇ. ಹಲವು ವರ್ಷ ಫೋಟೋದ ಅಂಚಿನಲ್ಲಿ ನಿಂತು, ಕೊನೆಗೊಮ್ಮೆ ತಾವೇ ಕೋಚ್ ಆಗಿ ನಡುವಿಗೆ ಬಂದರು. ಅವರ ತಂಡ ಅಭ್ಯಾಸ ಮಾಡುತ್ತಿದ್ದರೆ ರಸ್ತೆಯ ರಿಕ್ಷಾದವರಿಗೂ ಕೇಳುತ್ತಿತ್ತು ಎನ್ನುತ್ತಾರೆ.

ಆಮೇಲೆ ಅವರಿಗೆ ಕಾಯಿಲೆ... ನೆರೂಳಿನ ಆಸ್ಪತ್ರೆಗೆ ನೋಡಲು ಹೋದಾಗ ಇಡೀ ತಂಡ ಕೆಳಗೆ ಗೇಟಿನಲ್ಲಿತ್ತು. ಒಮ್ಮೆಗೆ ಇಬ್ಬರನ್ನಷ್ಟೇ ಒಳಗೆ ಬಿಡುತ್ತಿದ್ದರು. ಯಾರು ಹೊರಗೆ ಹೋಗಬೇಕು, ಯಾರು ಬರಬೇಕು ಎಂಬುದನ್ನು ಮಲಗಿದಲ್ಲಿಂದಲೇ ಅವರು ಹೇಳುತ್ತಿದ್ದರು. ಅತ್ತವಳನ್ನು ಮೊದಲು ಹೊರಗೆ ಕಳಿಸಿದರು. ನನ್ನನ್ನು ಕಂಡು, "ಅಕ್ಕಾರನ್ನ ಎಣಿಸಬ್ಯಾಡ್ರಿ, ಅವ್ರು ಮನ್ಯಾರು" ಎಂದು ನರ್ಸ್‌ಗೆ ಹೇಳಿದರು. ನರ್ಸ್ ಮಲಯಾಳಿ. ಏನು ತಿಳಿಯಿತೋ, ಸ್ಟೂಲ್ ತಂದು ಕೊಟ್ಟಳು. ಅವರನ್ನು ಕಂಡದ್ದು ಅದೇ ಕೊನೆ.

ಠಾಣೆ ಬಂತು. ಜೆರ್ಸಿಯ ಹುಡುಗಿಯರೂ ಇಳಿದರು. ಮ್ಯಾಚ್ ಎಲ್ಲಿ ಎಂದು ಕೇಳಿದೆ. ಹೇಳಿದರು. ತಡವಾಗುತ್ತದೆ ಎಂದು ತಂಗಿಗೆ ಫೋನ್ ಮಾಡಿ, ರಿಕ್ಷಾ ಹಿಡಿದು ಅವರ ಹಿಂದೆಯೇ ಹೋದೆ. ಆಟದ ಹಾಲ್‌ನ ಮೆಟ್ಟಿಲಲ್ಲಿ ತಾಯಂದಿರ ನಡುವೆ ಕೂತೆ. ಅಂಕಣದ ಅಂಚಿನಲ್ಲಿ ಎಳೆಯ ವಯಸ್ಸಿನ ಕೋಚ್ ಒಬ್ಬಳು ಕೈಕಟ್ಟಿ ನಿಂತಿದ್ದಳು.

"ಆಪಕೀ ಬೇಟೀ ಕೌನ್ಸೀ ಹೈ?" ಎಂದರು ಪಕ್ಕದಾಕೆ. ನನ್ನ ಮಗಳು ಇಲ್ಲಿಲ್ಲ, ಆಡುವುದನ್ನೂ ಬಿಟ್ಟಳು ಎಂದೆ.

"ತೋ ಫಿರ್ ಕಿಸಕೋ ದೇಖನೇ ಆಯೀ ಹೋ?"

ಯಾರನ್ನು ನೋಡಲು ಬಂದೆ? ಕಣ್ಣು ಮತ್ತೆ ಅಂಕಣದ ಅಂಚಿಗೇ ಹೋಯಿತು. ಮೂರನೇ ಮಹಡಿಯವರು ಅಲ್ಲಿರಲಿಲ್ಲ, ಇನ್ನು ಯಾವ ಅಂಕಣದ ಅಂಚಿನಲ್ಲೂ ಇರುವುದಿಲ್ಲ. "ಐಸೇ ಹೀ" ಎಂದೆ, ಸುಮ್ಮನೆ ಬಂದೆನೆಂಬಂತೆ. ಆಕೆ ವಿಚಿತ್ರವಾಗಿ ನೋಡಿದರೂ, ಸರಿದು ನನಗೆ ಇನ್ನಷ್ಟು ಜಾಗ ಮಾಡಿಕೊಟ್ಟರು.